ಪಕ್ಕದ ಮನೆಯ ಯೂ ಮರದ ಲೋಟ

ಮುಖಕ್ಕೆ ಹೊಡೆದ ಹಾಗೆ ಮಾತಾಡೋಳು ಅಂತ ಇಲ್ಲಿನ ಕನ್ನಡದವರಲ್ಲಿ ನನಗೊಂದು ಹೆಸರಿದೆ. ಪಾಯಸಕ್ಕೆ ಸಕ್ಕರೆ ಕಮ್ಮಿ ಆಗಿದ್ರೆ ಕಮ್ಮಿ ಆಗಿದೆ ಅಂತೀನಿ, ಮಗು ಹಾಡಿದ್ದು ಚೆನ್ನಾಗಿರಲಿಲ್ಲ ಅಂದ್ರೆ ತಾಯಿ ಎದುರಿಗೇ ಹೇಳ್ತೀನಿ. ಅಂಥ ನಾನು ಪಕ್ಕದ ಮನೆ ಆಂಟಿಗೆ ಮೂರು ತಿಂಗಳು ದಿನಾ ಒಂದು ಸುಳ್ಳು ಹೇಳಿದೆ. ಒಂದೇ ಸುಳ್ಳು, ದಿನಕ್ಕೊಂದು ಸಲ, ಗೇಟಿನ ಸರಳು ಹಿಡ್ಕೊಂಡು, ನಗ್ತಾ ನಗ್ತಾ.

ನಾವಿರೋದು ಸಿಂಗಾಪುರದ ಚೋವಾ ಚು ಕಾಂಗ್‌ನಲ್ಲಿ, ಎಚ್‌ಡಿಬಿ ಅಂತ ಸರ್ಕಾರ ಕಟ್ಟಿಸಿದ ಫ್ಲಾಟುಗಳ ಒಂದು ಬ್ಲಾಕಿನ ಒಂಬತ್ತನೇ ಮಹಡಿ. ಮನೆಗಳ ಮುಂದೆ ಉದ್ದಕ್ಕೆ ಒಂದೇ ಕಾರಿಡಾರು. ಪಕ್ಕದ ಮನೆಯಲ್ಲಿ ಚೀನೀ ಆಂಟಿ, ಅಂಕಲ್ ಇಬ್ಬರೇ ಇದ್ದರು. ಅಂಕಲ್‌ಗೆ ಶ್ವಾಸಕೋಶದ ಕ್ಯಾನ್ಸರ್. ದಿನಾ ನಾಲ್ಕು ಗಂಟೆಗೆ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು, ಮರದ ಲೋಟದಲ್ಲಿ ಟೀ ಕುಡೀತಾ, ಕೆಳಗೆ ಎಂಆರ್‌ಟಿ ರೈಲು ಹೋಗೋದು ನೋಡ್ತಾ ಕೂರೋರು. ನಾನು ತರಕಾರಿ ಚೀಲ ಹಿಡ್ಕೊಂಡು ಬಂದ್ರೆ ಕಾಲು ಮಡಚಿ ದಾರಿ ಬಿಡೋರು. ಹತ್ತು ವರ್ಷದಲ್ಲಿ ನಾವಿಬ್ಬರೂ ಆಡಿದ ಮಾತು ಒಟ್ಟು ಸೇರಿಸಿದ್ರೂ ಒಂದು ಪುಟ ಆಗಲ್ಲ. ಒಂದು ಚೀನೀ ಹೊಸ ವರ್ಷ ಕಳೆದು ಸ್ವಲ್ಪ ದಿನಕ್ಕೆ ಅಂಕಲ್ ತೀರಿಕೊಂಡರು. ಆಂಟಿ ಆ ಕುರ್ಚಿ ಮಾತ್ರ ಅಲ್ಲೇ ಬಿಟ್ಟಿದ್ದರು.

ಅದರ ಮುಂದಿನ ವರ್ಷ ನನ್ನ ಎದೆಯಲ್ಲಿ ಗಂಟು ಸಿಕ್ಕಿತು. ಆಪರೇಷನ್ ಆಯ್ತು. ಆಮೇಲೆ ವಾರಕ್ಕೊಂದರ ಹಾಗೆ ಹನ್ನೆರಡು ಸಲ ಕೀಮೋ ಡ್ರಿಪ್ ಅಂದರು. ಮೊದಲ ದಿನ ನರ್ಸ್ ನೀರಿನಂಥ ಔಷಧಿಯ ಚೀಲ ನೇತು ಹಾಕಿ, ನನ್ನ ಗಾಬರಿ ನೋಡಿ ಸಮಾಧಾನಕ್ಕೆ ಅಂತ ಹೇಳಿದಳು: ಈ ಔಷಧಿ ಮೊದಲು ಸಿಕ್ಕಿದ್ದು ಯೂ ಅನ್ನೋ ಮರದ ತೊಗಟೆಯಲ್ಲಿ, ಈಗ ಬೇರೆ ಬೇರೆ ರೀತಿಯಲ್ಲಿ ತಯಾರು ಮಾಡ್ತಾರೆ, ಆದ್ರೆ ಮೂಲ ಆ ಮರಾನೇ. ಮರದ ಔಷಧಿ ಅಂದಕೂಡಲೇ ನಾನು ನಾರು ಬೇರು ಕಷಾಯ ಅಂದ್ಕೊಂಡು ಸ್ವಲ್ಪ ಹಗುರಾದೆ. ಆಮೇಲೆ ಆಸ್ಪತ್ರೆಯ ಕುರ್ಚಿಯಲ್ಲೇ ಒರಗಿಕೊಂಡು ಫೋನಿನಲ್ಲಿ ಓದೋಕೆ ಶುರು ಮಾಡಿದೆ ನೋಡಿ, ಹಗುರ ಎಲ್ಲ ಇಳಿದುಹೋಯ್ತು.

ಆ ಮರದಲ್ಲಿ ಎಲೆ ವಿಷ, ಬೀಜ ವಿಷ, ತೊಗಟೆ ವಿಷ. ಕೆಂಪು ಹಣ್ಣಿನ ತಿರುಳೊಂದು ಬಿಟ್ಟು ಎಲ್ಲ ವಿಷ. ಒಂದು ಹಿಡಿ ಎಲೆ ಮೇದ ದನ ನಿಂತಲ್ಲೇ ಬೀಳುತ್ತಂತೆ. ಇಂಗ್ಲೆಂಡಿನಲ್ಲಿ ಇದು ಬೆಳೆಯೋದೇ ಸಮಾಧಿಗಳ ನಡುವೆ. ಹಳೇ ಕಾಲದಲ್ಲಿ ಇದರ ಕಟ್ಟಿಗೆಯಿಂದ ಬಿಲ್ಲು ಮಾಡ್ತಿದ್ರು. ಹೊರಗಿನ ಬಿಳಿ ಕಟ್ಟಿಗೆ ಎಳೆದ್ರೆ ಹಿಗ್ಗುತ್ತೆ, ಒಳಗಿನ ಕೆಂಪು ಕಟ್ಟಿಗೆ ಒತ್ತಿದ್ರೆ ತಡ್ಕೊಳ್ಳುತ್ತೆ. ಎರಡೂ ಸೇರೋ ಜಾಗದಲ್ಲೇ ಕತ್ತರಿಸಿ ಬಿಲ್ಲು ಬಗ್ಗಿಸಿದ್ರೆ ಮುರಿಯೋದೇ ಇಲ್ಲವಂತೆ. ಈಟಿ, ಚಾಕುವಿನ ಹಿಡಿ, ತಂತಿವಾದ್ಯದ ಹೊಟ್ಟೆ, ಎಲ್ಲಕ್ಕೂ ಬಂದಿದೆ. ಕೊಲ್ಲೋಕೂ ಇದೇ, ಹಾಡೋಕೂ ಇದೇ. ಈಗ ನನ್ನ ರಕ್ತದಲ್ಲೂ ಇದೇ ಹನಿ ಹನಿಯಾಗಿ ಇಳೀತಿದೆ ಅಂತ ನೆನೆಸ್ಕೊಂಡು ಫೋನ್ ಮಗುಚಿಟ್ಟೆ. ನಾನು ಕಣ್ಣಲ್ಲೂ ಕಾಣದ ಮರ ಅದು. ಸಿಂಗಾಪುರದಲ್ಲಿ ಮರಕ್ಕೇನು ಬರವಿಲ್ಲ, ಆದ್ರೆ ಈ ಮರ ಚಳಿಯದು, ಇಲ್ಲಿ ಬೆಳೆಯಲ್ಲ.

ಬೆಳೆಯಲ್ಲ ಅಂದ್ಕೊಂಡ ಮೂರನೇ ದಿನಕ್ಕೆ ಆ ಮರ ನನ್ನ ಮನೆ ಬಾಗಿಲಿಗೇ ಬಂತು.

ಆಂಟಿ ಗೇಟಿನ ಹೊರಗೆ ನಿಂತಿದ್ದರು. ಎರಡೂ ಕೈಯಲ್ಲಿ ಅಂಕಲ್‌ನ ಲೋಟ. ಆಂಟಿಯ ಇಂಗ್ಲಿಷನ್ನ ನಾನಿಲ್ಲಿ ಕನ್ನಡ ಮಾಡಿ ಹೇಳ್ತೀನಿ, ಇಲ್ಲಿನವರು ಮಾತಿನ ಕೊನೆಗೆ ಸೇರಿಸೋ ‘ಲಾ’ ಮಾತ್ರ ಹಾಗೇ ಬಿಟ್ಟಿರ್ತೀನಿ.

“ನಿನಗೆ ಏನು ಔಷಧಿ ಕೊಡ್ತಿದ್ದಾರೆ ಅಂತ ನಿನ್ನ ಗಂಡ ಲಿಫ್ಟಿನಲ್ಲಿ ಹೇಳಿದ. ಇದೂ ಅದೇ ಮರ ಲಾ. ಚೀನಾದ ಬೆಟ್ಟದ್ದು. ಇದರಲ್ಲಿ ಬಿಸಿನೀರು ಹಾಕಿ ಸ್ವಲ್ಪ ಹೊತ್ತು ಬಿಡು, ಆಮೇಲೆ ಕುಡಿ. ನಮ್ಮ ಮುದುಕನಿಗೆ ಡಾಕ್ಟರು ಆರು ತಿಂಗಳು ಅಂದಿದ್ರು. ನಾಲ್ಕು ವರ್ಷ ಇದ್ದ.”

ನಾನು ಬೇಡ ಅನ್ನೋಕೆ ಬಾಯಿ ತೆಗೆದೆ. ಆಂಟಿ ಗೇಟಿನ ಸರಳಿನ ಸಂದಿಯಿಂದಲೇ ಲೋಟ ಒಳಗೆ ತೂರಿಸಿ ನನ್ನ ಕೈಗಿಟ್ಟರು. “ಸೋಪ್ ಹಾಕಬೇಡ ಲಾ. ನೀರಲ್ಲಿ ಹೀಗೆ ಅಲ್ಲಾಡಿಸಿ ಚೆಲ್ಲು, ಸಾಕು. ವಾಸಿ ಆದಮೇಲೆ ವಾಪಸ್ ಕೊಡು.”

ಹಿಡಿ ಇಲ್ಲದ ಲೋಟ, ಕಡೆದು ಮಾಡಿದ್ದು. ಕಾವಿ ಕೆಂಪು, ಒಂದು ಪಕ್ಕದಲ್ಲಿ ಬೆಣ್ಣೆ ಬಣ್ಣದ ಪಟ್ಟೆ. ಒಳಗೆಲ್ಲ ಕಪ್ಪಗೆ ಟೀ ಹತ್ತಿಕೊಂಡು ದಪ್ಪಗೆ ಪದರ ಕಟ್ಟಿತ್ತು. ಅಂಚಿನಲ್ಲಿ ಒಂದು ಕಡೆ ಮಾತ್ರ ನುಣ್ಣಗೆ ಸವೆದು ತಗ್ಗಾಗಿತ್ತು. ಅದು ಅಂಕಲ್ ತುಟಿ ಇಡ್ತಿದ್ದ ಜಾಗ ಅಂತ ಗೊತ್ತಾಗೋಕೆ ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಆ ಕಡೆಯಿಂದ ಬೆರಳು ಸರಿಸಿಕೊಂಡೆ.

ಈಗ ನೀವು ನನ್ನನ್ನ ಬೈಯೋದಾದ್ರೆ ಬೈಯಿರಿ, ಆದ್ರೆ ನಾನು ಬೆಳೆದದ್ದೇ ಹಾಗೆ. ಮೈಸೂರಿನಲ್ಲಿ ನಮ್ಮಜ್ಜಿ ಎಂಜಲಿನ ವಿಷಯದಲ್ಲಿ ಪೊಲೀಸ್ ಇನ್ಸ್‌ಪೆಕ್ಟರು. ಲೋಟ ಎತ್ತಿ ಕುಡೀಬೇಕು, ಕಚ್ಚಿ ಕುಡಿದ್ರೆ ತಲೆಗೊಂದು ಮೊಟಕು. ಕಂಚು ಹಿತ್ತಾಳೆಗೆ ಎಂಜಲಾದ್ರೆ ಬೂದಿ ಹುಣಸೆಹಣ್ಣು ಹಾಕಿ ತಿಕ್ಕು, ಮಣ್ಣಿನದಕ್ಕೆ ಆದ್ರೆ ಒಡೆದು ಹಾಕು. ಮರದ್ದಕ್ಕೆ ಆದ್ರೆ? ಮರ ಕುಡಿದುಬಿಡುತ್ತೆ ಕಣೇ, ಅನ್ನೋರು ಅಜ್ಜಿ. ತಿಕ್ಕಿದ್ರೆ ಹೋಗಲ್ಲ, ಹೆರೆದು ಹಾಕಬೇಕು. ಉಪ್ಪಿನಕಾಯಿಯ ಮರಿಗೆಯನ್ನ ಒಂದು ಸಲ ಯಾರೋ ನೆಕ್ಕಿದ ಬೆರಳಲ್ಲಿ ಮುಟ್ಟಿದ್ರು ಅಂತ ಬಡಗಿಯನ್ನ ಕರೆಸಿ ಒಳಗೆಲ್ಲ ಹೆರೆಸಿದ ಹೆಂಗಸು ಅದು.

ಇಲ್ಲಿ ಬರೀ ಎಂಜಲಲ್ಲ, ಸತ್ತವರ ಎಂಜಲು. ಅದೂ ನನ್ನಂಥದೇ ಕಾಯಿಲೆಯಲ್ಲಿ ಸತ್ತವರದು. ಮೇಲೆ ಡಾಕ್ಟರು ಬೇರೆ ಕಟ್ಟುನಿಟ್ಟಾಗಿ ಹೇಳಿದ್ದರು, ಯಾರು ಏನೇ ಕೊಟ್ರೂ ಸೊಪ್ಪು ಬೇರು ಚಕ್ಕೆ ಅಂತ ಏನೂ ತಗೋಬೇಡಿ ಅಂತ. ಡಾಕ್ಟರ ಮಾತು ನನಗೆ ಒಳ್ಳೇ ನೆಪ ಆಯ್ತು. ನಿಜ ಹೇಳ್ತೀನಿ, ಡಾಕ್ಟರು ಕುಡೀರಿ ಅಂದಿದ್ರೂ ನಾನು ಕುಡೀತಿರಲಿಲ್ಲ.

ಬಿಸಾಡೋ ಹಾಗಿಲ್ಲ, ವಾಪಸ್ ಕೊಡೋ ಹಾಗಿಲ್ಲ. ಬಿಸಿ ತುಪ್ಪ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಹಳೇ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನ ಮೇಲಿನ ಕಪಾಟಿನಲ್ಲಿ, ಯುಗಾದಿ ದೀಪಾವಳಿಗೆ ಮಾತ್ರ ಇಳಿಸೋ ಪಾತ್ರೆಗಳ ಹಿಂದೆ ಇಟ್ಟುಬಿಟ್ಟೆ.

ಮಾರನೇ ದಿನ ಆಂಟಿ ಕೇಳಿದರು, “ಕುಡಿದ್ಯಾ?”

“ಹ್ಞೂಂ ಆಂಟಿ, ಕುಡಿದೆ.”

ಅದೇ ಸುಳ್ಳು. ದಿನಾ ಕೇಳೋರು, ದಿನಾ ಹೇಳಿದೆ. ಒಂದೊಂದು ದಿನ ಅವರ ಮುಖ ಅರಳೋದು ನೋಡಿ ಸ್ವಲ್ಪ ಉಪ್ಪು ಖಾರನೂ ಸೇರಿಸ್ತಿದ್ದೆ. “ನೀರು ಕೆಂಪಗಾಗುತ್ತೆ ಅಲ್ವಾ ಆಂಟಿ?” ಅಂತ. “ಹೌದು ಲಾ! ಕೆಂಪು! ಅದೇ ಔಷಧಿ!” ಅಂತ ಆಂಟಿ.

ನನಗೆ ದೆವ್ವ ಭೂತದಲ್ಲಿ ನಂಬಿಕೆ ಇಲ್ಲ. ಹೆದರಿಕೆ ಮಾತ್ರ ಇದೆ. ಗಂಡ ಆಫೀಸಿಗೆ, ಮಗಳು ಪಾಲಿಟೆಕ್ನಿಕ್ಕಿಗೆ ಹೋದಮೇಲೆ ಹಾಲ್‌ನಲ್ಲಿರೋ ಸೋಫಾದ ಮೇಲೆ ಮಲಗಿದ್ರೆ ನೇರ ಎದುರಿಗೆ ಆ ಕಪಾಟು. ಡ್ರಿಪ್ ಆದ ಮಾರನೇ ದಿನ ಮೈಯೆಲ್ಲ ಮುರಿಯೋ ನೋವು, ನಿದ್ದೆಯೂ ಅಲ್ಲ ಎಚ್ಚರವೂ ಅಲ್ಲ. ಆಗ ಆ ಕಪಾಟಿನೊಳಗೆ ಯಾರೋ ಮಡಚಿಕೊಂಡು ಕೂತು ಟೀಗೆ ಕಾಯ್ತಿದ್ದಾರೆ ಅನ್ನಿಸೋದು. ನಾಲ್ಕು ಗಂಟೆ ಆಯ್ತು ಅಂದ್ರೆ ಕಾರಿಡಾರಿನಲ್ಲಿ ಕುರ್ಚಿ ಎಳೆದ ಸದ್ದು. ಎದ್ದು ಹೋಗಿ ನೋಡಿದ್ರೆ ಕುರ್ಚಿ ಇದ್ದಲ್ಲೇ. ಒಂದು ದಿನ ಬಾಗಿಲ ಪಕ್ಕದಲ್ಲೇ ಗಂಟಲು ಕೆಮ್ಮಿ ಸರಿ ಮಾಡಿಕೊಂಡ ಸದ್ದು ಕೇಳಿಸ್ತು. ಅಂಕಲ್ ಹಾಗೇ ಕೆಮ್ಮೋರು, ಎರಡು ಸಲ, ನಿಲ್ಲಿಸಿ ಇನ್ನೊಂದು ಸಲ. ನಾನು ಎಣಿಸಿದೆ. ಮೂರನೇದಕ್ಕೆ ಕಾದು ಕೂತೆ. ಅದೂ ಬಂತು.

ಗಂಡನಿಗೆ ಹೇಳಿದೆ. “ಔಷಧಿ ಪವರ್ ಕಣೇ, ಹಾಗನ್ಸುತ್ತೆ. ಆ ಲೋಟ ಕೊಟ್ಟುಬಿಡು ಅತ್ಲಾಗೆ” ಅಂದರು. “ಕುಡೀದೆ ಹೇಗೆ ಕೊಡ್ಲಿ, ದಿನಾ ಕುಡೀತೀನಿ ಅಂದಿದ್ದೀನಲ್ಲ” ಅಂದೆ. “ಹಾಗಾದ್ರೆ ನೀನುಂಟು ನಿನ್ನ ಲೋಟ ಉಂಟು” ಅಂತ ಟೀವಿ ಹಾಕ್ಕೊಂಡರು. ಮೈ ಉರಿದುಹೋಯ್ತು. ಆದ್ರೆ ಅವರು ಹೇಳಿದ್ದು ತಪ್ಪೇನಿರಲಿಲ್ಲ.

ಎಂಟನೇ ಡ್ರಿಪ್ ಹೊತ್ತಿಗೆ ನನ್ನ ಬೆರಳ ತುದಿಗಳು ಜೋಮು ಹಿಡಿದುಬಿಟ್ಟವು. ಈ ಔಷಧಿಗೆ ಹಾಗಾಗುತ್ತಂತೆ, ನರಗಳು ಮಂಕಾಗ್ತವೆ. ಹೂಬತ್ತಿ ಹೊಸೆಯೋಕೆ ಆಗ್ತಿರಲಿಲ್ಲ, ಬಿಸಿ ತಣ್ಣಗೆ ಗೊತ್ತಾಗ್ತಿರಲಿಲ್ಲ. ಮರ ಬೆರಳಿನವರೆಗೂ ಬಂತು ಅಂದ್ಕೊಂಡೆ.

ಹನ್ನೆರಡೂ ಮುಗೀತು. ಸ್ಕ್ಯಾನ್ ಆಯ್ತು, ಏನೂ ಇಲ್ಲ ಅಂದರು. ಗಂಡ ಆಸ್ಪತ್ರೆ ಕಾರಿಡಾರಿನಲ್ಲೇ ಕಣ್ಣೊರೆಸಿಕೊಂಡರು, ನಾನು ಟಾಯ್ಲೆಟ್ಟಿಗೆ ಹೋಗಿ ಅತ್ತು ಬಂದೆ. ಸಂಜೆ ಆಂಟಿ ಒಂದು ಚೀಲ ಕಿತ್ತಳೆ ಹಣ್ಣು ತಂದರು. ನನ್ನ ಕೈ ಹಿಡ್ಕೊಂಡು, “ನೋಡಿದ್ಯಾ, ನಮ್ಮ ಮುದುಕ ಕೆಲಸ ಮಾಡಿದ ಲಾ” ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಹಣ್ಣಿನ ಚೀಲ ನೋಡ್ತಾ ನಿಂತೆ. ಲೋಟ ನಾಳೆ ಕೊಡ್ತೀನಿ ಆಂಟಿ, ಅಂದೆ.

ಮಾರನೇ ದಿನ ಕಪಾಟು ತೆಗೆದು ಪೇಪರ್ ಬಿಚ್ಚಿದೆ. ಅಯ್ಯೋ ರಾಮಾ! ಲೋಟದ ಒಳಗೂ ಹೊರಗೂ ಬೆಳ್ಳಗೆ ಬೂಷ್ಟು. ಈ ಊರಿನ ಸೆಕೆಗೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಮುಚ್ಚಿಟ್ಟ ಮರಕ್ಕೆ ಹಿಡಿಯಲ್ವಾ. ದಿನಾ ಬಿಸಿನೀರು ಹಾಕಿ ಕುಡಿದ ಲೋಟಕ್ಕೆ ಬೂಷ್ಟು ಬರಲ್ಲ. ಆಂಟಿ ಒಂದು ಸಲ ನೋಡಿದ್ರೆ ಸಾಕು, ನನ್ನ ಮೂರು ತಿಂಗಳ ಸುಳ್ಳು ಬಯಲಾಗುತ್ತೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗೇಟಿನ ಕಡೆ ತಿರುಗಿ ನೋಡಿದೆ.

ಸೋಪ್ ಹಾಕಬೇಡ ಅಂದಿದ್ರು, ಹಾಕಲಿಲ್ಲ. ಅದೊಂದು ಜಂಬ ಬೇರೆ ನನಗೆ. ಹುಣಸೆಹಣ್ಣು ನೆನೆಸಿ, ಕಲ್ಲುಪ್ಪು ಸೇರಿಸಿ, ತೆಂಗಿನ ನಾರಲ್ಲಿ ತಿಕ್ಕಿದೆ. ಬೂಷ್ಟು ಹೋಯ್ತು, ಒಳಗಿನ ಕಪ್ಪು ಪದರ ಅರ್ಧ ಬಿಟ್ಟು ಅರ್ಧ ನಿಂತು ತೊನ್ನು ಹತ್ತಿದ ಹಾಗೆ ಕಂಡಿತು. ಅದನ್ನ ಹಾಗೆ ಕೊಡೋದು ಹೇಗೆ? ಹೆರೆದು ಹಾಕಬೇಕು ಅಂತ ಅಜ್ಜಿ ಹೇಳಿದ್ದು ತಲೆಯಲ್ಲಿತ್ತು. ಗಂಡ ಪುಸ್ತಕದ ಶೆಲ್ಫ್ ಮಾಡಿಸಿದಾಗ ಉಳಿದಿದ್ದ ಮರಳುಕಾಗದ ಹುಡುಕಿ ತಂದೆ. ಅಡುಗೆಮನೆ ನೆಲದ ಮೇಲೆ ಕೂತು, ಲೋಟವನ್ನ ಮೊಣಕಾಲ ನಡುವೆ ಹಿಡ್ಕೊಂಡು ಉಜ್ಜಿದೆ. ಬೆರಳಿಗೆ ಸ್ಪರ್ಶ ಇರಲಿಲ್ಲವಲ್ಲ, ಎಷ್ಟು ಆಳಕ್ಕೆ ಇಳಿದೆ ಅಂತ ಗೊತ್ತಾಗಲಿಲ್ಲ. ಕೆಂಪು ಪುಡಿ ಉದುರ್ತಾ ಇತ್ತು, ಅಂಗೈಯೆಲ್ಲ ಕುಂಕುಮ ಆಯ್ತು. ಅಂಚಿನ ಆ ತಗ್ಗು ಕಣ್ಣಿಗೆ ಬಿತ್ತು. ಅದನ್ನೂ ಬಿಡಲಿಲ್ಲ. ಸುತ್ತಲೂ ಒಂದೇ ಮಟ್ಟಕ್ಕೆ ತಂದೆ. ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆ ಹಚ್ಚಿದೆ. ಹೊಸದಾಗಿ ಕಡೆದು ತಂದ ಹಾಗೆ ಫಳಫಳ ಅಂತು. ತಲೆ ಸಿಡೀತಿತ್ತು, ಮೂಗೊಳಗೆಲ್ಲ ಪುಡಿ. ಆದ್ರೂ ನನ್ನ ಕೈಕೆಲಸ ನೋಡಿ ನನಗೇ ಖುಷಿಯಾಯ್ತು. ನಮ್ಮಲ್ಲಿ ಯಾರ ಪಾತ್ರೆಯನ್ನೂ ಖಾಲಿ ವಾಪಸ್ ಕೊಡಲ್ಲ, ಅದಕ್ಕೆ ಒಳಗೆ ಒಂದು ಹಿಡಿ ಕಲ್ಲುಸಕ್ಕರೆ ತುಂಬಿದೆ.

ಆಂಟಿ ಬಾಗಿಲು ತೆಗೆದು ಲೋಟ ನೋಡಿದರು. ಅದು ಅವರದ್ದೇ ಅಂತ ತಕ್ಷಣ ಗುರುತು ಸಿಗಲಿಲ್ಲ ಅಂತ ಕಾಣುತ್ತೆ, ನನ್ನ ಮುಖ ನೋಡಿದರು. ಆಮೇಲೆ ಕಲ್ಲುಸಕ್ಕರೆಯನ್ನ ಬಲ ಅಂಗೈಗೆ ಸುರಿದುಕೊಂಡು ಲೋಟದೊಳಗೆ ಇಣುಕಿದರು. ಮೂಗಿನ ಹತ್ತಿರ ಹಿಡಿದರು. ಹೆಬ್ಬೆರಳನ್ನ ಅಂಚಿನ ಮೇಲೆ ಸುತ್ತ ಆಡಿಸಿದರು, ಒಂದು ಸುತ್ತು, ಮತ್ತೊಂದು ಸುತ್ತು. ಏನೋ ಹುಡುಕ್ತಿದ್ದರು. ಅದು ಏನು ಅಂತ ನನಗೆ ಆಗ ಹೊಳೀತು.

“ಅವನ ಟೀ ಎಲ್ಲ ಹೋಯ್ತು” ಅಂದರು.

“ಆಂಟಿ, ಬೂಷ್ಟು... ಕ್ಲೀನ್ ಮಾಡಿ ಕೊಡೋಣ ಅಂತ...”

“ನಾಲ್ಕು ವರ್ಷ ಲಾ” ಅಂದರು. ಕೋಪದಿಂದ ಅಲ್ಲ. “ಅವನು ಸತ್ತ ಮೇಲೆ ನಾನೂ ತೊಳೆದಿರಲಿಲ್ಲ. ದಿನಾ ಮೂಸ್ತಿದ್ದೆ. ನಿನಗೆ ಕಾಯಿಲೆ ಅಂತ ಕೊಟ್ಟೆ.”

ಬಾಗಿಲು ಹಾಕಿಕೊಂಡರು, ಮೆಲ್ಲಗೆ. ಧಡಾರ್ ಅಂತ ಹಾಕಿದ್ದಿದ್ರೆ ನಾನು ಬದುಕಿಕೊಳ್ತಿದ್ದೆ.

ಮನೆಗೆ ಬಂದು ಸಿಂಕಿನ ಮುಂದೆ ನಿಂತೆ. ತೆಂಗಿನ ನಾರು ಅಲ್ಲೇ ಇತ್ತು, ಕಪ್ಪು ಮಡ್ಡಿ ಹತ್ತಿಕೊಂಡು. ಎತ್ತಿ ಮೂಸಿದೆ. ಹುಣಸೆಹಣ್ಣಿನ ವಾಸನೆ ಬಿಟ್ರೆ ಏನೂ ಇರಲಿಲ್ಲ. ನಾನು ಎಂಜಲು ಅಂದ್ಕೊಂಡು ಹೆರೆದದ್ದು ಅವರ ಗಂಡನನ್ನ. ನಾಲ್ಕು ವರ್ಷದ ನಾಲ್ಕು ಗಂಟೆಗಳನ್ನೆಲ್ಲ ಸಿಂಕಿನಲ್ಲಿ ಹರಿಸಿಬಿಟ್ಟೆ. ಅದನ್ನ ಬೇರೆ ಯಾವ ಮಾತಲ್ಲೂ ಹೇಳೋಕೆ ನನಗೆ ಬರಲ್ಲ.

ಆಮೇಲೆ ಆಂಟಿ ನನ್ನ ಜೊತೆ ಮಾತು ಬಿಡಲಿಲ್ಲ, ಆದ್ರೆ ಮಾತು ಉಳಿದದ್ದು ಅಷ್ಟಕ್ಕಷ್ಟೇ. ಲಿಫ್ಟಿನಲ್ಲಿ ಸಿಕ್ಕಿದ್ರೆ ತಲೆ ಆಡಿಸೋರು. ಕಾರಿಡಾರಿನ ಕುರ್ಚಿ ಒಂದು ದಿನ ಇರಲಿಲ್ಲ, ಒಳಗೆ ತಗೊಂಡು ಹೋಗಿದ್ದರು. ಕುರ್ಚಿಯೂ ಹೋಯ್ತು, ಲೋಟವೂ ಹೋಯ್ತು, ಸದ್ದು ಮಾತ್ರ ಹೋಗಲಿಲ್ಲ. ನಾಲ್ಕು ಗಂಟೆಗೆ ಎಳೆದ ಸದ್ದು, ಎರಡು ಸಲ ಕೆಮ್ಮು, ಆಮೇಲೆ ಇನ್ನೊಂದು. ಈಗ ಅದು ಕಾರಿಡಾರಿನಿಂದ ಬರ್ತಿರಲಿಲ್ಲ, ನನ್ನ ಅಡುಗೆಮನೆಯಿಂದಲೇ ಬರ್ತಿತ್ತು, ನಾನು ಕೂತು ಉಜ್ಜಿದ ಜಾಗದಿಂದ. ಎಷ್ಟು ಸಲ ಒರೆಸಿದ್ರೂ ಟೈಲ್ಸ್ ಸಂದಿಯಲ್ಲಿ ಆ ಕೆಂಪು ಪುಡಿ ಕಾಣೋದು. “ಅಮ್ಮಾ, ಅಲ್ಲೇನೂ ಇಲ್ಲ ಲಾ” ಅಂತ ಮಗಳು ಅಂದಳು. ಅವಳಿಗೆ ಕಾಣದೆ ಇರಬಹುದು. ನನಗೆ ಕಾಣ್ತಿತ್ತು, ಭಯ ಆಗ್ತಿತ್ತು, ಭಯಕ್ಕಿಂತ ಹೆಚ್ಚು ನಾಚಿಕೆ ಆಗ್ತಿತ್ತು. ಎರಡು ಸಲ ಅವರ ಗೇಟಿನವರೆಗೂ ಹೋಗಿ ವಾಪಸ್ ಬಂದೆ. ಊರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡೋಳಿಗೆ ಒಂದು ಬೆಲ್ ಒತ್ತೋಕೆ ಆಗಲಿಲ್ಲ.

ಚೀನಿಯರ ಏಳನೇ ತಿಂಗಳು ಬಂತು. ಸತ್ತವರು ಮನೆ ಕಡೆ ಬರೋ ತಿಂಗಳು. ನಮ್ಮ ಪಿತೃಪಕ್ಷಕ್ಕೆ ಸ್ವಲ್ಪ ಮುಂಚೆ ಬರುತ್ತೆ. ಬ್ಲಾಕಿನ ಕೆಳಗೆ ಹುಲ್ಲಿನ ಪಕ್ಕ ದೊಡ್ಡ ಕಬ್ಬಿಣದ ಡಬ್ಬ ಇಟ್ಟಿರ್ತಾರೆ, ಜನ ಅದರಲ್ಲಿ ಕಾಗದದ ನೋಟು, ಕಾಗದದ ಅಂಗಿ, ಕಾಗದದ ಫೋನು ಎಲ್ಲ ಸುಡ್ತಾರೆ. ಸುಟ್ಟದ್ದು ಅವರವರಿಗೆ ತಲುಪುತ್ತೆ ಅಂತ ನಂಬಿಕೆ. ಒಂದು ಸಂಜೆ, ಇನ್ನೂ ಬೆಳಕಿತ್ತು, ಮಾರ್ಕೆಟ್ಟಿನಿಂದ ಬರ್ತಿದ್ದೆ. ಆಂಟಿ ಒಬ್ಬರೇ ಡಬ್ಬದ ಮುಂದೆ ನಿಂತು ಒಂದೊಂದೇ ಕಾಗದದ ಅಂಗಿ ಹಾಕ್ತಿದ್ದರು. ಪಕ್ಕದಲ್ಲಿ ನೆಲದ ಮೇಲೆ ಆ ಲೋಟ.

ಕಾಲು ತಾನಾಗೇ ಆ ಕಡೆ ಹೋಯ್ತು.

“ಆಂಟಿ, ಲೋಟ ಯಾಕೆ ತಂದ್ರಿ?”

“ಕಳಿಸ್ತೀನಿ” ಅಂದರು, ನನ್ನ ಕಡೆ ತಿರುಗದೇ. “ಮುಂಚೆ ಅವನೇ ಅದರೊಳಗಿದ್ದ. ಅವನನ್ನ ಅವನಿಗೇ ಹೇಗೆ ಕಳಿಸೋದು? ಈಗ ಬರೀ ಲೋಟ. ಹೊಸ ಲೋಟ. ಅಲ್ಲಿ ಟೀ ಕುಡೀಲಿ.”

ತರಕಾರಿ ಚೀಲ ಕೆಳಗಿಟ್ಟೆ. ಇವತ್ತು ಹೇಳದಿದ್ರೆ ಇನ್ನು ಯಾವತ್ತೂ ಇಲ್ಲ ಅನ್ನಿಸಿ ಒಂದೇ ಉಸಿರಿಗೆ ಹೇಳಿಬಿಟ್ಟೆ. ಕ್ಷಮಿಸಿ ಆಂಟಿ, ನಾನು ಅದರಲ್ಲಿ ಒಂದು ದಿನವೂ ಕುಡಿಯಲಿಲ್ಲ. ಸತ್ತವರ ಲೋಟ ಅಂತ ಹೇಸಿಗೆ ಪಟ್ಕೊಂಡೆ. ಕಪಾಟಿನಲ್ಲಿ ಇಟ್ಟು ಬೂಷ್ಟು ಹಿಡಿಸಿದೆ. ಸುಳ್ಳು ಗೊತ್ತಾಗಬಾರದು ಅಂತ ಉಜ್ಜಿದೆ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ.

ಆಂಟಿ ಲೋಟ ಎತ್ತಿಕೊಂಡರು. ಅವರ ಮುದುಕನೇ ನನ್ನನ್ನ ಉಳಿಸಿದ್ದು ಅನ್ನೋದೊಂದು ಅವರ ಹತ್ತಿರ ಉಳಿದಿತ್ತು. ಈಗ ನಾನು ಅದನ್ನೂ ಕಿತ್ತುಕೊಂಡೆ ಅಂತ ಅವರ ಮುಖ ನೋಡಿದ ಮೇಲೆ ಗೊತ್ತಾಯ್ತು.

“ಅವನಿಗೂ ನಂಬಿಕೆ ಇರಲಿಲ್ಲ ಲಾ” ಅಂದರು ಕೊನೆಗೆ. “ಮರದ ನೀರು, ಕಹಿ, ಅಂತ ಗೊಣಗ್ತಿದ್ದ. ನಾನು ಬೈತಿದ್ದೆ. ಬೈದಿದ್ದಕ್ಕೆ ಕುಡೀತಿದ್ದ.”

ಲೋಟವನ್ನ ಬೆಂಕಿಯೊಳಗೆ ಬಿಟ್ಟರು. ನಾನು ಎಣ್ಣೆ ಹಚ್ಚಿದ್ದೆನಲ್ಲ, ಚಟ್ ಅಂತ ಹತ್ತಿಕೊಂಡಿತು. ಮೊದಲು ಬಿಳಿ ಪಟ್ಟೆ ಹೊತ್ತಿತು, ಆಮೇಲೆ ಕೆಂಪು. ಗಾಳಿ ತಿರುಗಿ ಹೊಗೆ ಪೂರ್ತಿ ನನ್ನ ಮುಖಕ್ಕೆ ಬಂತು, ಕೆಮ್ಮು ಹತ್ತಿತು. ನಾನು ಕದಲಲಿಲ್ಲ, ಬರಲಿ ಅಂತ ನಿಂತೆ.

“ಮನೆಗೆ ಹೋಗು” ಅಂದರು ಆಂಟಿ. “ಹೊಗೆ ನಿನಗೆ ಒಳ್ಳೇದಲ್ಲ.”

“ಇರ್ತೀನಿ ಆಂಟಿ.”

ಆಗ ಅವರು ನನ್ನ ಕಡೆ ತಿರುಗಿ ನೋಡಿದರು. ಲೋಟ ವಾಪಸ್ ಕೊಟ್ಟ ದಿನದಿಂದ ಮೊದಲ ಸಲ ಸರಿಯಾಗಿ ನೋಡಿದ್ದು. ಕೈಯಲ್ಲಿದ್ದ ಬೆಂಕಿ ಕೆದಕೋ ಕಡ್ಡಿಯಿಂದ ಲಿಫ್ಟಿನ ಕಡೆ ತೋರಿಸಿ ಜೋರಾಗಿ ಕಿರುಚಿದರು, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಅವರ ಭಾಷೆಯಲ್ಲಿ: ಬುದ್ಧಿ ಇಲ್ವಾ, ಇಷ್ಟೆಲ್ಲ ಪಾಡು ಪಟ್ಟು ಎದ್ದಿದ್ದೀಯ, ಹೊಗೆಯಲ್ಲಿ ನಿಂತ್ಕೊಂಡು ಮತ್ತೆ ಕಾಯಿಲೆ ತಂದ್ಕೋತೀಯಾ, ಹೋಗು, ಹೋಗು ಅಂದೆ!

ಬೈದಿದ್ದಕ್ಕೆ ನಾನು ಹೊರಟೆ.